ಧನುರ್ವಾಯು ಭಾಷಣಕಾರನ ದವಡೆ

ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ದಾವಣಗೆರೆಯಲ್ಲಿ ನನ್ನಷ್ಟು ಓದಿಕೊಂಡ ಡಾಕ್ಟರು ಇನ್ನೊಬ್ಬರಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮಂಡಿಪೇಟೆಯ ನನ್ನ ದವಾಖಾನೆಗೆ ಮದರಾಸಿನಿಂದ ವೈದ್ಯಕೀಯ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಹಾಗಾಗಿ ಹರಿಹರದ ವೈದ್ಯಮಿತ್ರರು, "ಧನುರ್ವಾಯು ಬಗ್ಗೆ ಹೊಸದಾಗಿ ಏನೇನು ಗೊತ್ತಾಗೈತೆ, ನಮಗೂ ಒಂದಿಷ್ಟು ಹೇಳ್ರಿ" ಎಂದು ಕರೆದಾಗ ಕೂಡಲೇ ಒಪ್ಪಿಕೊಂಡೆ. ಹೆದರುವ ಮಾತೇ ಇರಲಿಲ್ಲ!

ಸಭೆಯ ಹಿಂದಿನ ದಿನ ಲೋಕಿಕೆರೆಗೆ ಒಬ್ಬ ರೋಗಿಯನ್ನು ನೋಡಲು ಹೋಗಿದ್ದೆ. ಗಾಡಿಯಿಂದ ಇಳಿಯುವಾಗ ತುಕ್ಕು ಹಿಡಿದ ಮೊಳೆ ಕಾಲಿಗೆ ಗೀರಿತು. ಸಾಸಿವೆಯಷ್ಟು ರಕ್ತ. ಒರೆಸಿ ಮರೆತೆ. ಅಲ್ಲಿ ಕಬ್ಬಿನ ಕಟಾವು ನಡೆದಿತ್ತು. ಡಾಕ್ಟರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ಇನ್ನೊಂದು ಜಲ್ಲೆ ತಿನ್ರಿ ಡಾಕ್ಟ್ರೇ, ಬ್ಯಾಡ ಅನ್ನಬ್ಯಾಡ್ರಿ!" ಎಂದು ರೋಗಿಯೇ ಹಾಸಿಗೆಯಿಂದ ಕೂಗುತ್ತಿದ್ದ. ರೋಗಿಯ ಮನಸ್ಸು ನೋಯಿಸಬಾರದೆಂಬ ವೈದ್ಯಧರ್ಮವನ್ನು ಸಂಜೆಯವರೆಗೂ ಪಾಲಿಸಿದೆ.

ಮರುದಿನ ಹೆಂಡತಿ ಗಿರಿಜೆಯೊಂದಿಗೆ ಹರಿಹರದ ಬಸ್ಸು ಹತ್ತಿದೆ. ಅವಳಿಗೆ ಹರಿಹರೇಶ್ವರನ ದರ್ಶನವಾಗಬೇಕಿತ್ತು. ದಾರಿಯಲ್ಲಿ ಬಾತಿ ಊರು ದಾಟುವಾಗ ಭಾಷಣದ ಮೊದಲ ಪುಟ ತೆರೆದೆ: "ಗಾಯ ಎಷ್ಟೇ ಸಣ್ಣದಿದ್ದರೂ ಅಪಾಯ ತಪ್ಪಿದ್ದಲ್ಲ. ಸಾಮಾನ್ಯವಾಗಿ ದವಡೆ ಬಿಗಿಯುವುದೇ ಮೊದಲ ಲಕ್ಷಣ." ಓದಿ ಆಕಳಿಸಲು ಹೋದೆ. ಬಾಯಿ ಅರ್ಧಕ್ಕೇ ನಿಂತಿತು!

ಕಾಲಿನ ಗೀರು ನೆನಪಾಯಿತು. ಈ ರೋಗದಿಂದ ಸತ್ತವರನ್ನು ನಾನು ಕಣ್ಣಾರೆ ಕಂಡಿದ್ದೆ. ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಪ್ರಜ್ಞೆ ಮಾತ್ರ ಹೋಗುವುದಿಲ್ಲ. ಅವರೆಲ್ಲರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನನಗೆ ನಿಜವಾಗಿಯೂ ಸಾಯುವ ಭಯ ಹತ್ತಿತು.

"ಯಾಕ್ರೀ, ಹಿಂಗ್ ಬೆವರ್ತೀರಿ?" ಎಂದಳು ಗಿರಿಜೆ.

"ಏನಿಲ್ಲ" ಎಂದೆ. ಅವಳನ್ನು ಹೆದರಿಸಬಾರದಲ್ಲ! ಆದರೂ ತಡೆಯಲಾಗದೆ, "ನಾನಿಲ್ದಿದ್ರೆ ನಿಮ್ಮಣ್ಣನ ಮನ್ಯಾಗೆ ಇರ್ತೀಯಲ್ಲ?" ಎಂದು ಕೇಳಿಬಿಟ್ಟೆ.

"ಬಿಸಿಲು ತಲೆಗೇರೈತೆ ನಿಮಗೆ!" ಎಂದವಳು ಹರಿಹರದಲ್ಲಿ ಇಳಿದದ್ದೇ ದೇವಸ್ಥಾನಕ್ಕೆ ಹೋದಳು.

ಸಭೆ ಸೇರಿದ್ದ ದವಾಖಾನೆಗೆ ಕಾಲಿಟ್ಟವನೇ ಬೆಂಚಿನ ಮೇಲೆ ಉರುಳಿ, ಹಲ್ಲುಗಳ ಸಂದಿನಿಂದ, "ನನಗೇ ಬಂದೈತೆ!" ಎಂದೆ. ಅಷ್ಟೂ ಡಾಕ್ಟರುಗಳು ಗಾಬರಿಯಿಂದ ಎದ್ದರು. ಬೆಳಕಿಗೂ ಸದ್ದಿಗೂ ಸೆಳೆತ ಹೆಚ್ಚುತ್ತದೆಂದು ಒಬ್ಬರು ಕಿಟಕಿಗಳನ್ನು ದಡದಡನೆ ಮುಚ್ಚಿದರು. "ಯಾರೂ ಸದ್ದು ಮಾಡಬ್ಯಾಡ್ರಿ!" ಎಂದು ಇನ್ನೊಬ್ಬರು ಕಿರುಚಿದರು. ಮತ್ತೊಬ್ಬರು ಧನುರ್ವಾಯುವಿಗೆಂದು ಕುದುರೆಯ ರಕ್ತದಿಂದ ತಯಾರಿಸಿದ ಮದ್ದು, ಸೀರಮ್ಮನ್ನು ನನಗೆ ಚುಚ್ಚಿದರು. ಕತ್ತಲಲ್ಲಿ ಮಲಗಿ, ಗಿರಿಜೆಯ ಗತಿಯೇನೆಂದು ಯೋಚಿಸುತ್ತ ಅತ್ತೇಬಿಟ್ಟೆ.

ಅಷ್ಟರಲ್ಲಿ ಅವಳೇ ಪ್ರಸಾದ ಹಿಡಿದು ಬಂದಳು. ವಿಷಯ ಕೇಳಿ ಬಿಳಿಚಿಕೊಂಡಳು. ಪ್ರಸಾದವನ್ನು ಬೆಂಚಿನ ಮೇಲಿಟ್ಟು ನನ್ನ ಕೆನ್ನೆ ಮುಟ್ಟಿದಳು.

"ಇಲ್ಲಿ ನೋಯ್ತೈತಾ?"

"ಅಯ್ಯಯ್ಯೋ!"

ಅವಳು ಸೊಂಟಕ್ಕೆ ಕೈಯಿಟ್ಟಳು. "ನಿನ್ನೆ ಲೋಕಿಕೆರೆಯಾಗೆ ಆಪಾಟಿ ಕಬ್ಬು ತಿಂದು ಬಂದು, ರಾತ್ರಿ ರೊಟ್ಟಿ ಅಗಿಯಾಕ ಆಗ್ದೆ ಹಾಲಿನಾಗೆ ನೆನೆಸ್ಕೊಂಡು ತಿಂದ್ರಲ್ಲ, ಮರ್ತು ಹೋತಾ?"

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಹಿರಿಯ ಡಾಕ್ಟರೊಬ್ಬರು, "ನಿಮ್ಮ ದವಡೆಗೆ ವಿಶ್ರಾಂತಿ ಕೊಡ್ರಿ" ಎಂದು ನನ್ನ ಭಾಷಣವನ್ನು ತಾವೇ ಓದತೊಡಗಿದರು. ಎರಡನೆಯ ಪುಟದಲ್ಲಿ ಹೀಗಿತ್ತು: "ಗಾಯವಾಗಿ ಕೆಲವು ದಿನ ಕಳೆಯದೆ ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳದು. ಇದನ್ನರಿಯದ ವೈದ್ಯರು ವೃಥಾ ಗಾಬರಿಯಾಗುತ್ತಾರೆ."

ಬರೆದವನು ನಾನೇ! ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ದವಡೆಯ ನೋವು ಬೇಗ ಹೋಯಿತು. ಸೀರಮ್ಮು ಅಷ್ಟು ಸುಲಭಕ್ಕೆ ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಮೈತುಂಬ ಕೆಂಪು ದದ್ದು, ತಡೆಯಲಾರದ ನವೆ! ದವಾಖಾನೆಯಲ್ಲಿ ಕೂತು ಎರಡೂ ಕೈಯಿಂದ ಕೆರೆದುಕೊಳ್ಳುತ್ತಿದ್ದಾಗ ಮಂಡಿಪೇಟೆಯ ಜೋಳದ ವ್ಯಾಪಾರಿಯೊಬ್ಬರು ಜ್ವರವೆಂದು ಬಂದರು.

"ಬರ್ರಿ, ಕೂಡ್ರಿ" ಎಂದೆ.

ಅವರು ಹೊಸ್ತಿಲಲ್ಲೇ ನಿಂತು, ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಹಿಡಿದರು.

"ನನ್ನ ಜ್ವರ ಹೆಂಗೋ ಹೋಗ್ತೈತೆ ಬಿಡ್ರಿ. ನೀವು ಮೊದ್ಲು ಯಾರಾದ್ರೂ ಒಳ್ಳೆ ಡಾಕ್ಟ್ರಿಗೆ ತೋರಿಸ್ಕೊಳ್ರಿ!"