ಅಂದಾನಪ್ಪನ ಒಂದು ದಿನದ ಭಕ್ತಿ

ಆ ಭಾನುವಾರದ ಫಜೀತಿಗೆಲ್ಲ ಕಾರಣ ಪಕ್ಕದ ಕಿರಾಣಿ ಅಂಗಡಿಯ ಗಿರೀಶ ಹೇಳಿದ ಒಂದು ಸುಳ್ಳು. ದಾಸನಕೊಪ್ಪದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂದಾನಪ್ಪನ ಮಗಳು ಜ್ಯೋತಿಗೆ ಬನವಾಸಿ ಕಡೆಯ ಸಂಬಂಧ ಕುದುರಿಸಲು ಓಡಾಡುತ್ತಿದ್ದವನು ಅವನೇ. ಹುಡುಗ ನವೀನ ಶಿರಸಿಯಲ್ಲಿ, ಜ್ಯೋತಿ ಕೆಲಸ ಮಾಡುವ ಲ್ಯಾಬಿನ ಎದುರಿಗೇ ಔಷಧಿ ಅಂಗಡಿ ಇಟ್ಟಿದ್ದ. ಹುಡುಗ ಹುಡುಗಿ ಇಬ್ಬರೂ ಆಗಲೇ ಒಪ್ಪಿದ್ದರು. ಬಾಕಿ ಉಳಿದದ್ದು ಹಿರಿಯರ ಮಾತು. ಹುಡುಗನ ತಾಯಿ ಗಂಗಾಂಬಿಕಾ, "ಮನಿತನಾ ದೈವಭಕ್ತರದ ಹೌದಲ್ರಿ?" ಎಂದು ಕೇಳಿದ್ದಕ್ಕೆ ಗಿರೀಶ ಕಣ್ಣು ಮಿಟುಕಿಸದೆ, "ಅಂದಾನಪ್ಪಾರಾ? ಪೂಜಿ ಮುಗಿಯೂತನ ಹನಿ ನೀರು ಮುಟ್ಟಂಗಿಲ್ರಿ" ಎಂದುಬಿಟ್ಟಿದ್ದ.

ಅಂದಾನಪ್ಪನೋ, ದೇವರ ಹೆಸರು ಕಿವಿಗೆ ಬಿದ್ದರೆ ಕಾದ ಎಣ್ಣೆಗೆ ಹಾಕಿದ ಸಾಸಿವೆಯಂತೆ ಸಿಡಿಯುವ ಆಸಾಮಿ. ಯಾರಾದರೂ ಗಿರಾಕಿ, "ದೇವರ ದಯಾದಿಂದ ಮೋಟಾರು ಚಾಲೂ ಆತು ನೋಡ್ರಿ" ಅಂದರೆ, "ಹಂಗಾರ ಮುಂದಿನ ಸಲ ವೈಂಡಿಂಗ್ ಅವನ ಕಡೇನ ಮಾಡಿಸ್ರಿ" ಎಂದು ನಟ್ಟು ಬಿಗಿಯುವ ಪಾನಾ ಕುಕ್ಕುತ್ತಿದ್ದ.

"ಇವತ್ತೊಂದಿನ ಬಾಯಿ ಬಿಗಿ ಹಿಡಕೋರಿ," ಎಂದು ಹೆಂಡತಿ ಗೌರಕ್ಕ ಬೆಳಿಗ್ಗೆಯೇ ಹೇಳಿದಳು. "ಅವರು ದೇವರು ಅನ್ನಲಿ, ದಿಂಡರು ಅನ್ನಲಿ, ನೀವು ಗೋಣು ಹಾಕ್ರಿ, ಸಾಕು."

"ಅಲ್ಲ, ಇಲ್ದಿದ್ದಕ್ಕ ಹೆಂಗ ಗೋಣು ಹಾಕ್ಲಿ?"

"ಜ್ಯೋತಿ ಮಾರಿ ನೋಡಿ ಹಾಕ್ರಿ."

ಮಗಳ ಮುಖಕ್ಕಾಗಿ ಅಂದಾನಪ್ಪ ಕುದಿಯುವ ಬಾಯ್ಲರನ್ನೂ ಅಪ್ಪಿಕೊಳ್ಳುತ್ತಿದ್ದ.

ಒಂಬತ್ತಕ್ಕೆ ಗಿರೀಶ ಮೂರು ದೇವರ ಫೋಟೋ, ಸುತ್ತಿಗೆ, ಒಂದು ಗಟ್ಟಿ ವಿಭೂತಿ ಹಿಡಿದು ಬಂದ. "ಗೋಡಿ ನೋಡಿದ್ರ ಗೊತ್ತಾಕ್ಕೈತಿ ಮಾವಾ, ಬರೇ ಮೋಟಾರು ಕಂಪನಿ ಕ್ಯಾಲೆಂಡರ್ ಐತಿ" ಎನ್ನುತ್ತ ಮೊಳೆ ಹೊಡೆದ. ಮೂರನೆಯ ಮೊಳೆ ಗೋಡೆಯೊಳಗಿನ ವಾಯರಿಗೆ ಇಳಿಯಿತು. ಚಟ್ ಎಂಬ ಸದ್ದು, ಒಂದು ಕಿಡಿ. ಫ್ಯಾನು ನಿಧಾನಕ್ಕೆ ಸುತ್ತಿ ನಿಂತಿತು. ಅಂದಾನಪ್ಪ ಟೆಸ್ಟರ್ ಹಿಡಿದು ಸ್ಟೂಲು ಹತ್ತುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಗಿರೀಶ ಅವನನ್ನು ಕೆಳಗೆಳೆದು, ಹಣೆಗೆ ಮೂರು ಬೆರಳು ವಿಭೂತಿ ಎಳೆದು, "ಬರ್ರಿ, ಬರ್ರಿ! ಈಗಷ್ಟ ಪೂಜಿ ಮುಗಿಸಿ ಎದ್ರು" ಎಂದು ಕೂಗಿದ.

ಬಂದವರು ಮೂವರು: ನವೀನ, ಗಂಗಾಂಬಿಕಾ, ಆಕೆಯ ಗಂಡ ಚನ್ನಬಸವ. ಗಂಗಾಂಬಿಕಾ ಕೂತವಳೇ ಫೋಟೋಗಳಿಗೆ ಕೈ ಮುಗಿದಳು. ಚನ್ನಬಸವ ತೆಳ್ಳಗಿನ ಮನುಷ್ಯ, ಹಣೆಯ ತುಂಬ ವಿಭೂತಿ. ಹೆಂಡತಿಯತ್ತ ಒಮ್ಮೆ ನೋಡಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗನಂತೆ, "ಎಲ್ಲಾ ಅವನ ಇಚ್ಛಾ" ಎಂದ.

ಅಂದಾನಪ್ಪನ ಎಡ ಮೊಣಕಾಲು ತಾನಾಗಿಯೇ ಕುಣಿಯತೊಡಗಿತು.

"ಪ್ರಯಾಣ ಸುಖಾ ಆತೇನ್ರಿ?" ಎಂದು ಗೌರಕ್ಕ ಕೇಳಿದಳು.

"ದೇವರ ದಯಾದಿಂದ ಒಂದ ತಾಸಿನಾಗ ಬಂದ್ವಿ," ಎಂದಳು ಗಂಗಾಂಬಿಕಾ.

ಬಲ ಮೊಣಕಾಲೂ ಕುಣಿಯಿತು. ಗೌರಕ್ಕ ಕೆಮ್ಮಿದಳು. ಅಂದಾನಪ್ಪ ಗೋಣು ಹಾಕಿದ. ಸೆಖೆಗೆ ವಿಭೂತಿ ಕರಗಿ ಹುಬ್ಬಿಗಿಳಿಯಿತು. ಒರೆಸಲು ಕೈ ಎತ್ತಿದರೆ ಗಿರೀಶ ಆ ಕೈಯನ್ನೇ ಹಿಡಿದು ಕೆಳಗಿಡುತ್ತಿದ್ದ. ಮಾತು ಮಳೆಗೆ ಹೋಯಿತು, ಜೋಳಕ್ಕೆ ಹೋಯಿತು, ಎಲ್ಲಿ ಹೋದರೂ ಕೊನೆಗೆ ಅಲ್ಲಿಗೇ ಬರುತ್ತಿತ್ತು. ಅಂದಾನಪ್ಪ ಎದ್ದು ಕಿಟಕಿ ತೆರೆದ, ಮತ್ತೆ ಎದ್ದು ಮುಚ್ಚಿದ, ಎರಡು ಸಲ ನೀರು ಕುಡಿದು ಬಂದ. ಮೂರನೆಯ ಸಲ ಎದ್ದಾಗ ಗಂಗಾಂಬಿಕಾ ಮೆಚ್ಚುಗೆಯಿಂದ, "ಪೂಜಿ ಮ್ಯಾಲೆ ಜೀವ ಎಳೀತೈತಿ ಅಂತ ಕಾಣಸ್ತೈತಿ. ಒಂದು ಮಂಗಳಾರತಿ ಆಗೇಬಿಡ್ಲಿ, ನೀವ ಹಾಡ್ರಿ" ಎಂದಳು.

ಅಂದಾನಪ್ಪನಿಗೆ ಒಂದು ಸಾಲೂ ಬಾರದು. ಗಿರೀಶ ಹಿಂದೆ ನಿಂತು ಹಾಡಿದ. ಅಂದಾನಪ್ಪ ತಟ್ಟೆ ಹಿಡಿದು ಮೀನಿನಂತೆ ಬಾಯಿ ಆಡಿಸಿದ. ಒಂದು ಸಲ ಹಾಡು ನಿಂತ ಮೇಲೂ ಬಾಯಿ ಆಡಿತು. ನವೀನ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡ. ಒಳಬಾಗಿಲಲ್ಲಿ ನಿಂತ ಜ್ಯೋತಿ ಗೋಡೆ ಕಡೆ ತಿರುಗಿದಳು.

ಹೇಗೋ ಗೆದ್ದೆವು ಎಂದು ಗೌರಕ್ಕ ಉಸಿರು ಬಿಡುವಾಗ ಗಂಗಾಂಬಿಕಾ ಮರುಕದಿಂದ ಹೇಳಿದಳು: "ಸಣ್ಣಾಕಿದ್ದಾಗ ನಿಮ್ಮ ತಂಗಿ ತೀರಿಕೊಂಡ್ಲಂತಲ್ರಿ, ಗಿರೀಶ ಅಂದ. ಏನ್ ಮಾಡೂದು, ಬೇಕಾದವರನ್ನ ದೇವರು ಲಗೂ ಕರಕೊಂತಾನ."

ಮೊಣಕಾಲುಗಳು ನಿಂತುಬಿಟ್ಟವು. ಅಂದಾನಪ್ಪ ತಟ್ಟೆಯನ್ನು ಕೆಳಗಿಟ್ಟ.

"ಆಕಿನ್ನ ಯಾರೂ ಕರಕೊಳ್ಳಿಲ್ಲ. ಆಕಿಗೆ ಜ್ವರಾ ಬಂದಿತ್ತು. ಮುಂಜಾನೆ ಆರಕ್ಕ ನಮ್ಮವ್ವ ಆಕಿನ್ನ ಹೆಗಲಿಗೆ ಹಾಕ್ಕೊಂಡು ರಸ್ತೆದಾಗ ನಿಂತ್ಲು. ಶಿರಸಿ ಬಸ್ಸು ಬರಲಿಲ್ಲ. ಹನ್ನೆರಡರ ಮಟಾ ಬರಲಿಲ್ಲ." ಅವನ ದನಿ ಏರಿತು. "ಆಕಿನ್ನ ಮಣ್ಣು ಮಾಡಾಕ ಬಂದ ಮಂದಿ ಎಲ್ಲಾ ಹೇಳಿದ್ರು, ದೇವರು ಕರಕೊಂಡ ಅಂತ. ಬಸ್ಸು ಯಾಕ ಬರಲಿಲ್ಲ ಅಂತ ಒಬ್ರೂ ಕೇಳಲಿಲ್ಲ! ಒಬ್ರು ಕೇಳಿದ್ರೂ ನಾ ಇವತ್ತು ಸುಮ್ನ ಕುಂದರ್ತಿದ್ದೆ. ಈ ಫೋಟೋ ನಮ್ಮವಲ್ಲ, ಈ ವಿಭೂತಿ ನಮ್ಮದಲ್ಲ, ನಾ ಹಾಡಲಿಲ್ಲ. ದೇವರಿಲ್ಲ!"

ಗಂಗಾಂಬಿಕಾ ತಲೆ ತಗ್ಗಿಸಿದಳು. ಗೌರಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಗ ಚನ್ನಬಸವ ಎದ್ದ, ಶಲ್ಯದ ತುದಿಯಿಂದ ತನ್ನ ಹಣೆಯ ವಿಭೂತಿಯನ್ನು ಪೂರ್ತಿ ಒರೆಸಿದ.

"ನನಗೂ ಸಾಕಾಗೈತ್ರಿ," ಎಂದ. "ಇಪ್ಪತ್ತು ವರ್ಷ ಆತು, ನಾನೂ ನಂಬೂದಿಲ್ಲ. ಭಕ್ತರ ಮನಿ ಐತಿ, ಇವತ್ತೊಂದಿನ ಸುಮ್ಕಿರ್ರಿ ಅಂತ ಈಕಿ ಆಣಿ ಹಾಕಿಸ್ಕೊಂಡಿದ್ಲು."

ಅಂದಾನಪ್ಪ ಹೋಗಿ ಅವನನ್ನು ತಬ್ಬಿಕೊಂಡ. ಗಿರೀಶ ಅತ್ತೇಬಿಟ್ಟ. ಗೌರಕ್ಕ ಚಹಾ ಕೊಟ್ಟು ಗಂಗಾಂಬಿಕಾಳನ್ನು ಅಡುಗೆಮನೆಗೆ ಕರೆದೊಯ್ದಳು; ನವೀನನೂ ಹಿಂದೆಯೇ ಹೋದ. ಇಷ್ಟಕ್ಕೇ ನಿಂತಿದ್ದರೆ ಎಲ್ಲ ಚೆಂದವಿತ್ತು. ಆದರೆ ಚಹಾ ಅರ್ಧ ಮುಗಿದಾಗ ಚನ್ನಬಸವ ನಯವಾಗಿ ಕೇಳಿದ: "ಬೀಗರ, ತಪ್ಪು ತಿಳೀಬ್ಯಾಡ್ರಿ. ಇಲ್ದಾವನ ಮ್ಯಾಲೆ ಇಷ್ಟ್ಯಾಕ ಸಿಟ್ಟು? ನನಗ ಅವನ ನೆನಪ ಆಗೂದಿಲ್ಲ. ನಿಮಗ ದಿನಾ ಆಕ್ಕೈತಿ. ಒಳಗೆಲ್ಲೋ ಸ್ವಲ್ಪ ನಂಬಿಕಿ ಉಳದೈತೇನು?"

"ನನಗಾ? ನಂಬಿಕಿಯಾ?" ಅಂದಾನಪ್ಪ ಚಹಾದ ಕಪ್ಪನ್ನು ಕೆಳಗೆ ಕುಕ್ಕಿದ. "ನನ್ನ ಸಿಟ್ಟು ಅವನ ಮ್ಯಾಲಲ್ರಿ, ಅವನ ಹೆಸರು ಹೇಳಿ ಬಾಯಿ ಮುಚ್ಚಿಸೂ ಮಂದಿ ಮ್ಯಾಲೆ. ಸಿಟ್ಟು ಬರದಿದ್ರ ಅದೆಂಥಾ ನಾಸ್ತಿಕತನ? ಅದು ಬರೇ ಆಲಸ್ಯ!"

"ಆಲಸ್ಯ? ನಾ ತಿಳದು ಬಿಟ್ಟಾಂವ. ನೀವು ಜಗಳಾಡಿ ಬಿಟ್ಟಾವ್ರು. ಜಗಳಾಡಿದಾವ್ರು ಒಂದಿನ ರಾಜಿ ಆಗ್ತಾರ."

ಮದುವೆಯ ಮಾತು ಬಂತು. ರಿಜಿಸ್ಟರ್ ಮದುವೆ ಎಂಬಲ್ಲಿಯವರೆಗೆ ಇಬ್ಬರೂ ಒಪ್ಪಿದರು. ಆಮೇಲೆ ಒಂದು ಭಾಷಣ ಇರಬೇಕು, ಮಂದಿಗೆ ತಿಳಿವಳಿಕೆ ಬರಲಿ ಎಂದ ಅಂದಾನಪ್ಪ. ಭಾಷಣ ಅಂದರೆ ಅದೂ ಒಂಥರಾ ಪುರಾಣವೇ, ಬೇಡ ಎಂದ ಚನ್ನಬಸವ.

"ಹಂಗಾರ ಅಮಾಸಿ ದಿನ, ರಾಹುಕಾಲದಾಗ ಸಹಿ ಮಾಡ್ಸೋಣು! ಊರು ನೋಡ್ಲಿ!"

"ರಾಹುಕಾಲ ಹುಡಕಾಕ ಪಂಚಾಂಗ ತಗೀಬೇಕಲ್ರಿ!"

ದೇವರಿಲ್ಲ ಎಂದು ಮೂವತ್ತು ವರ್ಷ ಆಸ್ತಿಕರೊಡನೆ ಕಾದಾಡಿದ ಅಂದಾನಪ್ಪನಿಗೆ ಇಂಥ ಪೆಟ್ಟು ಯಾರೂ ಕೊಟ್ಟಿರಲಿಲ್ಲ. "ಇಂಥಾ ತಣ್ಣನ್ನ ಮನಿಗೆ ನನ್ನ ಮಗಳನ್ನ ಕೊಡಂಗಿಲ್ಲ!" ಎಂದು ಗುಡುಗಿದ. "ಇಂಥಾ ತಲಿಬಿಸಿ ಮನಿಯಿಂದ ನಾವೂ ತರಂಗಿಲ್ಲ!" ಎಂದು ಚನ್ನಬಸವ ಚಪ್ಪಲಿ ಹುಡುಕಿದ. ಅವನ ದನಿಯೂ ಈಗ ತಣ್ಣಗಿರಲಿಲ್ಲ. ಗಿರೀಶ ನಡುವೆ ಹೋಗಿ ಇಬ್ಬರಿಂದಲೂ ಬೈಸಿಕೊಂಡ.

ಅಷ್ಟರಲ್ಲಿ ಅಡುಗೆಮನೆಯಿಂದ ಗೌರಕ್ಕ ಮತ್ತು ಗಂಗಾಂಬಿಕಾ ಹೊರಬಂದರು. ಗಂಗಾಂಬಿಕಾಳ ಕಣ್ಣು ಕೆಂಪಾಗಿತ್ತು. ಅವಳು ನೇರ ಅಂದಾನಪ್ಪನ ಎದುರು ನಿಂತಳು. "ನಿಮ್ಮ ತಂಗಿ ಸುದ್ದಿ ಎಲ್ಲಾ ಒಳಗ ಕೇಳಿದೆ. ನಂದು ತಪ್ಪಾತು. ಇನ್ನ ಆ ಮಾತು ಯಾರಿಗೂ ಅನ್ನೂದಿಲ್ಲ." ಅಂದಾನಪ್ಪ ತನ್ನ ಕುರ್ಚಿಯನ್ನೇ ಅವಳತ್ತ ಸರಿಸಿದ.

"ಆದ್ರ ಲಗ್ನದ ಮಾತು ನಾವು ನಾಕೂ ಮಂದಿ ಮುಗಿಸೇವಿ," ಎಂದಳು ಗೌರಕ್ಕ. ಹಿಂದೆ ಜ್ಯೋತಿ, ನವೀನ ನಗು ತಡೆದುಕೊಂಡು ನಿಂತಿದ್ದರು. "ನೀವಿಬ್ರೂ ಸೇರಿ ದೇವರಿಲ್ದ ಲಗ್ನಾ ಮಾಡಾಕ ಹೊಂಟ್ರ ಇವರ ಮೊಮ್ಮಕ್ಕಳ ಲಗ್ನಾ ಬರ್ತೈತಿ. ಅದಕ್ಕ ಊರ ಬಸವಣ್ಣನ ಗುಡಿಯಾಗ ಇಟ್ಕೊಂಡೇವಿ. ಇಬ್ರಿಗೂ ಸರೀ ಸಮ ಸಿಟ್ಟು ಬರೂ ಜಾಗಾ ಅದೊಂದ."

"ಸಾಧ್ಯ ಇಲ್ಲ!" ಎಂದರು ಅಂದಾನಪ್ಪ, ಚನ್ನಬಸವ, ಒಂದೇ ಉಸಿರಿನಲ್ಲಿ.

ಗೌರಕ್ಕ ಇಬ್ಬರ ಕೈಗೂ ಒಂದೊಂದು ಉಂಡೆ ಇಟ್ಟಳು. "ನೋಡ್ರಿ, ಬೀಗರಿಬ್ರದೂ ಒಂದ ಮಾತು ಬಂತು," ಎಂದಳು. "ಭಾಳ ಚಲೋ ಶಕುನ."