ಹೊಗೆಯಿಲ್ಲದ ಮದ್ದಿನ ಎರಡು ಡಬ್ಬಿ

ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕು ಎಂಬುದು ಬಂದೂಕಿನ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವವರ ಶಾಸನ. ಲಿಂಡ್ಸೆ ಪ್ರಾಸರ್ ಆ ಶನಿವಾರ ಬೆಳಗ್ಗೆ ಎರಡು ತೆರೆದ.

ಟಾರ್ಕಿನ್ ಬಂದೂಕು ಕ್ಲಬ್ಬಿನಲ್ಲಿ ಮಧ್ಯಾಹ್ನ ಮೂರಕ್ಕೆ ಜಿಲ್ಲಾ ತಂಡದ ಕೊನೆಯ ಸ್ಥಾನಕ್ಕೆ ಸ್ಪರ್ಧೆಯಿತ್ತು. ಹನ್ನೊಂದು ವರ್ಷದಿಂದ ಅವನು ಬರೀ ಬದಲಿ ಆಟಗಾರ. ಬೇಗ ಉರಿಯುವ ಮದ್ದೋ ನಿಧಾನದ್ದೋ ಎಂದು ವಾರವೆಲ್ಲ ಅಳೆದರೂ ಮನಸ್ಸು ನಿಂತಿರಲಿಲ್ಲ. ಎರಡನ್ನೂ ಬಟ್ಟಲುಗಳಿಗೆ ಸುರಿದು ಭೂತಗನ್ನಡಿ ಹಿಡಿದ. ಇರುವೆಗಳ ಶಾಲೆಗೆಂದು ಪೆನ್ಸಿಲ್ ಸೀಸ ಕತ್ತರಿಸಿಟ್ಟಂಥ ಬೂದು ತುಣುಕುಗಳು. ಈ ಒಂದು ಚಮಚ ಕಾಳು ಸಾವಿರ ಗಜ ಗುಂಡನ್ನು ಒಯ್ಯುತ್ತದಲ್ಲ! ಚರ್ಚಿನಲ್ಲಿ ನಿಂತವನಂತೆ ಉಸಿರು ಬಿಗಿಹಿಡಿದ.

ಅಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು. ಮಾತಾಡಿ ಬರುವ ಹೊತ್ತಿಗೆ ಪಕ್ಕದ ಮನೆಯ ವ್ಯಾಲ್ ಹಾಕಿಂಗ್ ಮೇಜು ಒರೆಸುತ್ತಿದ್ದಳು.

"ಎಷ್ಟು ಗಲೀಜು ಕಣೋ! ಎರಡೂ ಬಟ್ಟಲು ಡಬ್ಬಿಗೆ ಸುರಿದಿಟ್ಟೆ."

"ಯಾವ ಬಟ್ಟಲು ಯಾವ ಡಬ್ಬಿಗೆ?"

"ಒಂದು ಇದಕ್ಕೆ, ಒಂದು ಅದಕ್ಕೆ. ಮುಚ್ಚಳಾನೂ ಭದ್ರವಾಗಿ ಹಾಕಿದೀನಿ ನೋಡು."

ಲಿಂಡ್ಸೆಯ ಮುಖ ಹಳಸಿದ ಹಾಲಿನಂತಾಯಿತು. ನಿಧಾನದ್ದೆಂದುಕೊಂಡು ಬೇಗ ಉರಿಯುವ ಮದ್ದು ತುಂಬಿದರೆ ಬಂದೂಕೇ ಸಿಡಿಯುತ್ತದೆ. ವ್ಯಾಲಳ ಗಂಡ, ಅದೇ ಕ್ಲಬ್ಬಿನ ಕೆವ್, ಬೇಲಿ ದಾಟಿ ಬಂದು ಒಂದು ಚಿಟಿಕೆ ಮೂಸಿದ.

"ಸರಿಯಾಗೇ ಇದೆ ಮಾರಾಯ. ಒಂದು ಹೊಡೆದು ನೋಡು. ಕೈ ಉಳಿದ್ರೆ ನಿಧಾನದ್ದು!"

"ನೂರಕ್ಕೆ ತೊಂಬತ್ತೈದು ಪಾಲು ನನಗೂ ಸರಿ ಅನ್ಸುತ್ತೆ. ಉಳಿದ ಐದು ಪಾಲು ನನ್ನ ಕೆನ್ನೆ ಹತ್ರಾನೇ ಇರುತ್ತಲ್ಲ ಕೆವ್."

"ನಿನ್ನಂಥೋನು ಟೀ ಕುಡಿಯೋಕೂ ಹೆಲ್ಮೆಟ್ ಹಾಕ್ಕೋಬೇಕು!"

ಹೆಸರು ಗೊತ್ತಿಲ್ಲದ ಮದ್ದು ಗಿಡದ ಬುಡಕ್ಕೆ ಎಂಬುದು ಆ ಜನರ ಇನ್ನೊಂದು ಶಾಸನ. ಲಿಂಡ್ಸೆ ಎರಡೂ ಡಬ್ಬಿಗಳನ್ನು ನಿಂಬೆಗಿಡದ ಸುತ್ತ ಚೆಲ್ಲಿ ನೀರು ಹಾಯಿಸಿದ. ಬಂದೂಕಿನ ಮದ್ದು ಮಾರುವ ಅಂಗಡಿ ಎರಡು ಗಂಟೆಯ ದಾರಿ, ಅದೂ ಮಧ್ಯಾಹ್ನ ಹನ್ನೆರಡಕ್ಕೇ ಮುಚ್ಚುತ್ತದೆ. ಬೇರೆಯವರ ತೋಟಾ ಅವನ ಬಂದೂಕಿಗೆ ಹಿಡಿಯದು.

ಮೂರು ಗಂಟೆಗೆ ಬರಿಗೈಯಲ್ಲಿ ಕ್ಲಬ್ಬಿನ ಗುಂಡು ಹೊಡೆಯುವ ಬಯಲಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಎಲ್ಲರೂ ನಗುತ್ತಾರೆಂದುಕೊಂಡಿದ್ದ. ಯಾರೂ ನಗಲಿಲ್ಲ. ಮುದುಕರು ಟೋಪಿ ತೆಗೆದರು. ಕ್ಲಬ್ಬಿನ ಯಜಮಾನಿ ನೊರೀನ್ ಡ್ವೈಯರ್‌ಳ ಕಣ್ಣು ತುಂಬಿತ್ತು.

"ನಲವತ್ತು ವರ್ಷದಲ್ಲಿ ಇಂಥ ಎಚ್ಚರದ ಕೈ ನೋಡಿರಲಿಲ್ಲ ಕಣಪ್ಪ. ಎರಡೂ ಡಬ್ಬಿ ಚೆಲ್ಲಿದ್ಯಾ?"

"ಎರಡೂ."

"ಗೆಲ್ಲೋ ಆಸೆ ಇದ್ದೂನೂ?"

"ಆಸೆ ಇದ್ದದ್ದಕ್ಕೇ ಇಷ್ಟು ಹೊಟ್ಟೆ ಉರೀತಿದೆ."

ಆಕೆ ಸದಸ್ಯರ ಕಡೆ ತಿರುಗಿದಳು. ಒಂದೇ ಸಲ ಎಲ್ಲ ಕೈಗಳೂ ಮೇಲೆದ್ದವು. ಲಿಂಡ್ಸೆ ಒಂದು ಹೆಜ್ಜೆ ಮುಂದೆ ಬಂದ. ಹೊಡೆಯದೆಯೇ ತನ್ನನ್ನು ತಂಡಕ್ಕೆ ಸೇರಿಸುತ್ತಿದ್ದಾರೆ!

ನೊರೀನ್ ಅವನ ಕೈಗೆ ಒಂದು ಕೆಂಪು ಬಾವುಟ ಕೊಟ್ಟಳು.

"ಇವತ್ತಿಂದ ಬಯಲಿನ ಸುರಕ್ಷಾಧಿಕಾರಿ ನೀನೇ. ಜೀವನಪೂರ್ತಿ!"

ಚಪ್ಪಾಳೆ ನಿಂತ ಮೇಲೆ ಲಿಂಡ್ಸೆ ಮೆಲ್ಲಗೆ ಕೇಳಿದ, "ಹಾಗಾದ್ರೆ ಮುಂದಿನ ವರ್ಷ ನಾನು ಹೊಡೀಬಹುದಾ?"

"ಬಾವುಟ ಹಿಡಿದೋನು ಬಂದೂಕು ಮುಟ್ಟೋ ಹಾಗಿಲ್ಲಪ್ಪ. ಅದೇ ಅಲ್ವಾ ಆ ಹುದ್ದೆಯ ಗೌರವ!"

ಕೊನೆಯ ಸ್ಥಾನಕ್ಕೆ ಉಳಿದಿದ್ದವನು ಒಬ್ಬನೇ. ಅಂಗಡಿಯಲ್ಲಿ ಕೊಂಡ ಸಿದ್ಧ ತೋಟಾ ತುಂಬಿಕೊಂಡು ಕೆವ್ ಹಾಕಿಂಗ್ ಗುರಿಯಿಡಲು ಹೊಟ್ಟೆ ಊರಿ ಮಲಗಿದ. ಅವನು ಗುಂಡು ಹಾರಿಸಬೇಕಾದರೆ ಅಧಿಕಾರಿ ಎತ್ತಿ ಹಿಡಿದ ಬಾವುಟ ಇಳಿಸಬೇಕು. ಇಡೀ ಬಯಲು ಗೌರವದಿಂದ ಲಿಂಡ್ಸೆಯನ್ನೇ ನೋಡುತ್ತಿತ್ತು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಯಾವ ಅಪಾಯವೂ ಕಾಣಲಿಲ್ಲ. ಬಾವುಟ ಇಳಿಸಿದ.