ಕೊನೆ ಸಾಲು ಬಾರದ ಮಫ್ಲರ್

ಚಳಿಗಾಲ, ಬೆಳಗಿನ ಏಳು ಗಂಟೆ. ಮಫ್ಲರ್ ಹೆಣೆದಾಗಿತ್ತು, ಆದರೆ ಮುಗಿದಿರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಹೆಣೆದವನು ಲಿಫ್ಟಪ್ಪ. ಮೂವತ್ತೈದು ವರ್ಷ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿ, ಕಂಡವರನ್ನೆಲ್ಲ ಮೇಲೇರಿಸಿ ಕೆಳಗಿಳಿಸಿ, ಈಗ ಲಿಫ್ಟೇ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬನೇ ಇದ್ದ. ಹೆಂಡತಿ ತೀರಿಕೊಂಡು ಮೂರು ವರ್ಷ. ಅವಳಿದ್ದಾಗ ಇಬ್ಬರೂ ಸೇರಿ ಹೆಣೆಯುತ್ತಿದ್ದರು. ಮೊದಲ ಸಾಲು ಹಾಕುವುದೂ ಕೊನೆಯ ಸಾಲು ಮುಚ್ಚುವುದೂ ಅವಳ ಕೆಲಸ. ನಡುವಿನ ಬರೀ ಸಾಲುಗಳು ಇವನವು. ಅವಳು ಬಿಟ್ಟುಹೋದ ಚೀಲದಲ್ಲಿ ಯಾವ್ಯಾವುದೋ ಸ್ವೆಟರಿಗೆ ಹಾಕಿ ಉಳಿದ ಉಲ್ಲನ್ ಉಂಡೆಗಳಿದ್ದವು. ಒಂದು ಕಡ್ಡಿಯ ಮೇಲೆ ಅವಳೇ ಹಾಕಿಟ್ಟ ಮೊದಲ ಸಾಲೂ ಇತ್ತು. ಲಿಫ್ಟಪ್ಪ ಅದರ ಮೇಲೆ ಕೆಂಪು, ಬೂದಿ, ಹಳದಿ ಎಂದು ಪಟ್ಟೆ ಏರಿಸುತ್ತ ಹೋದ. ಈಗ ಕಡೆಯ ಮಹಡಿಗೆ ಬಂದೂ ಬಾಗಿಲು ತೆರೆಯದ ಲಿಫ್ಟಿನ ಹಾಗೆ ನಿಂತಿದ್ದ.

ಮಫ್ಲರ್ ಮೇಲಿನ ಮನೆಯ ನರ್ಸಮ್ಮನಿಗೆ. ಅವಳು ದಿನವೂ ಕೆಲಸಕ್ಕೆ ಹೊರಟಾಗ ಇವನ ಬಾಗಿಲನ್ನು ಎರಡು ಸಲ ಬಡಿದು, "ಅಜ್ಜ, ಇದ್ದೀರಾ?" ಎನ್ನುತ್ತಿದ್ದಳು. "ಇದ್ದೀನಮ್ಮ" ಎನ್ನುತ್ತಿದ್ದ. ಎಷ್ಟೋ ದಿನ ಅವನು ಆಡುತ್ತಿದ್ದ ಮಾತು ಅದೊಂದೇ. ಈಗ ಅವಳಿಗೆ ಇನ್ನೂ ಚಳಿಯ ಊರಿಗೆ ವರ್ಗವಾಗಿತ್ತು. ಅವತ್ತು ಮೂರು ಗಂಟೆಗೆ ಬಸ್ಸು.

ಕೆಳಗಿನ ದರ್ಜಿಯ ಅಂಗಡಿಗೆ ಇಳಿದ. ಅಲ್ಲಿ ಎಲ್ಲಬಲ್ಲಕ್ಕ ಕೂತಿದ್ದಳು. ಪಕ್ಕದ ಮನೆಯವಳು, ಸುಮ್ಮನಿರುವುದೊಂದು ಬಿಟ್ಟು ಅವಳಿಗೆ ಎಲ್ಲವೂ ಗೊತ್ತು.

"ಯಾರಿಗೆ ಲಿಫ್ಟಪ್ಪ ಇದು?"

ಹೇಳಿದರೆ ಅರ್ಧ ಗಂಟೆಯಲ್ಲಿ ಮೇಲಿನ ಮನೆಗೆ ಮುಟ್ಟುತ್ತದೆ. ಜೊತೆಗೆ ನಾಚಿಕೆ ಬೇರೆ. "ನನಗೇ" ಎಂದ.

ಕೊನೆ ಮುಚ್ಚಲು ಬರುವುದಿಲ್ಲ ಎಂದು ಹೇಳಿ ಮುಗಿಸುವಷ್ಟರಲ್ಲಿ, ಒಂದು ಹೊಲಿಗೆ ಓಡಿಸಿದರಾಯಿತು ಎಂದು ದರ್ಜಿ ಕಡ್ಡಿ ಎಳೆದೇಬಿಟ್ಟ. ಸಂಜೆಯ ಗಂಟೆ ಕೇಳಿದ ಶಾಲೆ ಮಕ್ಕಳ ಹಾಗೆ ಕುಣಿಕೆಗಳು ಬಿಟ್ಟೋಡಿದವು. ಹಳದಿ ಪಟ್ಟೆ ಇಡಿಯಾಗಿ ಬಿಚ್ಚಿ ಮೆಷಿನ್ನಿನ ಹಲ್ಲಿಗೆ ಸಿಕ್ಕಿತು. ಕಡ್ಡಿ ದರ್ಜಿಯ ಕಾಲಡಿ ಎರಡು ತುಂಡಾಯಿತು.

ಎಲ್ಲಬಲ್ಲಕ್ಕ ಆಗತಾನೇ ಕೊಂಡಿದ್ದ ಪೊರಕೆಯ ಒಂದು ಕಡ್ಡಿಗೆ ಉಳಿದ ಕುಣಿಕೆಗಳನ್ನೆಲ್ಲ ಪೋಣಿಸಿ ಕೊಟ್ಟಳು. ಆ ಕಡ್ಡಿಯನ್ನು ಕೀಳಲು ಮಾತ್ರ ಬಿಡಲಿಲ್ಲ. ಹೊಸ ಪೊರಕೆ, ಇವತ್ತು ಒಂದು ಹೋದರೆ ನಾಳೆ ಹತ್ತು ಉದುರುತ್ತವೆ ಎಂದಳು. ಹಳದಿಯ ಜಾಗಕ್ಕೆ ತನ್ನ ಗಂಡನ ಸ್ವೆಟರಿನ ಮಿಕ್ಕ ಹಸಿರನ್ನೇ ಹಾಕಬೇಕೆಂದೂ ಹಟ ಹಿಡಿದಳು. ಲಿಫ್ಟಪ್ಪ ಪೊರಕೆಯನ್ನು ಕಂಕುಳಲ್ಲಿ ಒತ್ತಿಕೊಂಡು, ಇನ್ನೊಂದು ಕಡ್ಡಿ ಹಿಡಿದು ಹೆಣೆದ. ಬಂದ ಗಿರಾಕಿಗಳು ಅಂಗಡಿ ತಪ್ಪಿತೇನೋ ಎಂದು ಬೋರ್ಡು ನೋಡಿದರು.

ಹಸಿರು ಮುಗಿದಾಗ ಎರಡೂವರೆ. ಇನ್ನು ಮುಚ್ಚಿಕೊಡಕ್ಕ ಎಂದರೆ, "ಅದು ನಂಗೆ ಬರಲ್ಲಪ್ಪ. ನರ್ಸಮ್ಮನ್ನ ಕೇಳು, ಗಾಯ ಹೊಲಿಯೋಳಿಗೆ ಇದ್ಯಾವ ಲೆಕ್ಕ" ಎಂದಳು.

ಬೇರೆ ದಾರಿಯಿರಲಿಲ್ಲ. ಮುಚ್ಚಿಸಿಕೊಂಡು ಅವಳ ಕೈಯಲ್ಲೇ ಇಟ್ಟುಬಿಡುವುದೆಂದು ನಿಶ್ಚಯಿಸಿ, ಮೆಟ್ಟಿಲ ಮೇಲೆ ಪೆಟ್ಟಿಗೆ ಇಳಿಸುತ್ತಿದ್ದ ನರ್ಸಮ್ಮನ ಮುಂದೆ ಲಿಫ್ಟಪ್ಪ ಪೊರಕೆ ಹಿಡಿದು ನಿಂತ. ಹಿಂದೆಯೇ ಎಲ್ಲಬಲ್ಲಕ್ಕ. ನರ್ಸಮ್ಮ ನಕ್ಕು, ಪೆಟ್ಟಿಗೆಯ ಮೇಲೇ ಕೂತು, ಐದು ನಿಮಿಷದಲ್ಲಿ ಕೊನೆಯ ಸಾಲು ಮುಚ್ಚಿದಳು.

"ಚೆನ್ನಾಗಿದೆ. ಯಾರಿಗಜ್ಜ?"

ಲಿಫ್ಟಪ್ಪ ಬಾಯಿ ತೆರೆದ.

"ಅವರಿಗೇ ಅಂತೆ ಕಣಮ್ಮ" ಎಂದಳು ಎಲ್ಲಬಲ್ಲಕ್ಕ.

ನರ್ಸಮ್ಮನ ಕಣ್ಣು ತುಂಬಿತು. ಮಫ್ಲರನ್ನು ಅವನ ಕತ್ತಿಗೆ ಎರಡು ಸುತ್ತು ಸುತ್ತಿದಳು. "ನಾನು ಹೋದ್ಮೇಲೆ ಅಜ್ಜನ್ನ ಯಾರು ನೋಡ್ಕೋತಾರೆ ಅಂತ ಕೊರಗ್ತಿದ್ದೆ. ನಿಮ್ಮನ್ನ ನೀವೇ ನೋಡ್ಕೋತಿದ್ದೀರಲ್ಲ, ಸಾಕು. ನಿಶ್ಚಿಂತೆಯಾಗಿ ಹೋಗ್ತೀನಿ. ತೆಗೀಬೇಡಿ, ಆಯ್ತಾ?"

ಆಡಿದ ಮಾತನ್ನು ಬಿಚ್ಚಿ ಮತ್ತೆ ಉಂಡೆ ಸುತ್ತಲು ಬರುವುದಿಲ್ಲ. "ಆಯ್ತಮ್ಮ" ಎಂದ.

ಮಾರನೆಯ ಬೆಳಗ್ಗೆ ಬಾಗಿಲು ಎರಡು ಸಲ ಬಡಿದ ಸದ್ದಾಯಿತು. ಲಿಫ್ಟಪ್ಪ ಮಫ್ಲರ್ ಸಮೇತ ಎದ್ದುಬಿದ್ದು ಹೋಗಿ ತೆರೆದ. ಎಲ್ಲಬಲ್ಲಕ್ಕ ನಿಂತಿದ್ದಳು. ಪೊರಕೆಯಲ್ಲಿ ಒಂದು ಕಡ್ಡಿ ಕಡಿಮೆಯಿದೆ, ಇವನ ಹತ್ತಿರ ಇದೆಯೇ ಎಂದು ಕೇಳಿದಳು.

"ಇಲ್ಲಕ್ಕ" ಎಂದ. ಆ ದಿನ ಅವನು ಆಡಿದ ಮಾತು ಅದೊಂದೇ.